ಕಟ್ಟೆ ಪುರಾಣ: ಹಳೇ ಪಿಕಪ್ಪಿಗೆ ಹೊಸ ಸ್ಟೀರಿಯೋ!

ವಾಡಿ ಜಂಕ್ಷನ್ನಿನಲ್ಲಿ ರೈಲು ಇಳಿದು ಚಿತ್ತಾಪುರದ ಬಸ್ಸಿಗೆ ಕಾಯುತ್ತ ಕೂತಿದ್ದೆ. ಬಸ್ಸು ಬರಲಿಲ್ಲ. ಹಾಡು ಬಂತು! ಅಣ್ಣಾವ್ರು ಎಮ್ಮೆಯ ಮೇಲೆ ಕೂತು ಹಾಡಿದರಲ್ಲ, 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ್ದು, ಅದೇ ಹಾಡು. ಅದರ ಹಿಂದೆ ಒಂದು ಮುದಿ ಮಹೀಂದ್ರ ಪಿಕಪ್ಪು. ಅದರೊಳಗೆ ನಮ್ಮ ಶಹಾಬಾದಿನ ಗೆಳೆಯ.

“ಬಸ್ಸಿನ ಹಾದಿ ಏನ ನೋಡ್ತೀರಿ ಸಾಹೇಬ್ರ, ಹತ್ರಿ ಮ್ಯಾಲ!”

ಹತ್ತಿದೆ. ಈ ಗಾಡಿಯ ಜಾತಕ ನನಗೆ ಗೊತ್ತು. ಗೆಳೆಯನ ತಂದೆ ಎಂಬತ್ತರ ದಶಕದಲ್ಲಿ ಇದರಲ್ಲೇ ಶಹಾಬಾದಿನ ಫರ್ಸಿ ಹೇರಿಕೊಂಡು ಸೇಡಂ, ಚಿಂಚೋಳಿ ಅಂತ ತಿರುಗಿದವರು. ಒಂದು ಕ್ಯಾಸೆಟ್ ಪ್ಲೇಯರು, ಒಂದೇ ಸ್ಪೀಕರು. ಟೇಪು ಸುತ್ತಿಕೊಂಡರೆ ಪೆನ್ಸಿಲ್ ಹಾಕಿ ತಿರುವೋದು. ನಿಮಗೂ ನೆನಪಿದೆ ತಾನೆ?

ಈಗ ಅಲ್ಲಿ ಬ್ಲೂಟೂತ್ ಸೆಟ್ಟು ಮಿನುಗುತ್ತಿದೆ. ಇದು ಸುಖಾಂತ್ಯ. ಆದರೆ ಯಾವ ಸಿನಿಮಾದಲ್ಲಿ ಇಂಟರ್ವಲ್‌ಗೆ ಮುಂಚೆ ಫೈಟ್ ಇಲ್ಲ ಹೇಳಿ?

ಮೊದಲು ಒಬ್ಬ ಎಲೆಕ್ಟ್ರಿಷಿಯನ್ನು ಸಿಕ್ಕಿದ. ಬ್ಯಾಟರಿಯಿಂದ ನೇರವಾಗಿ ವೈರು ಎಳೆದ, ಫ್ಯೂಸ್ ಹಾಕಲಿಲ್ಲ. ಸೇಡಂ ರಸ್ತೆಯಲ್ಲಿ ಡ್ಯಾಶ್‌ಬೋರ್ಡಿನಿಂದ ಹೊಗೆ! ಗೆಳೆಯ ಬ್ಯಾಟರಿ ಕೇಬಲ್ ಕಿತ್ತು ಗಾಡಿ ಉಳಿಸಿಕೊಂಡ. ತಗಡಿಗೆ ಉಜ್ಜಿ ವೈರಿನ ಚರ್ಮ ಹೋಗಿತ್ತು, ಅಷ್ಟೇ. ಬ್ಯಾಟರಿ ಹತ್ತಿರವೇ ಒಂದು ಫ್ಯೂಸ್ ಇದ್ದಿದ್ದರೆ ಅದು ಸುಟ್ಟು ಕೆಲಸ ಮುಗಿಯುತ್ತಿತ್ತು.

ಎರಡನೆಯ ಮಿಸ್ತ್ರಿ ಬೇರೆ ನಮೂನೆ. ಮೊದಲು ಬ್ಯಾಟರಿ ನೋಡಿದ. ಹೊಸ ಸೆಟ್ಟಿಗೆ 12 ವೋಲ್ಟ್ ಬೇಕು, ಮೈನಸ್ ಬಾಡಿಗೆ ಇರಬೇಕು. ತೀರಾ ಹಳೆಯ ವಿಲ್ಲಿಸ್ ಜೀಪುಗಳು 6 ವೋಲ್ಟಿನವು. ಕೆಲವು ಹಳೆಯ ಇಂಗ್ಲಿಷ್ ಕಾರುಗಳಲ್ಲಿ ಪ್ಲಸ್ಸೇ ಬಾಡಿಗೆ. ನೋಡದೆ ಜೋಡಿಸಿದರೆ ಸೆಟ್ಟು ಢಮಾರ್! ಡೈನಮೋ ಇರುವ ಗಾಡಿಯಾದರೆ ನಿಂತಲ್ಲೇ ಜೋರಾಗಿ ಹಚ್ಚಬೇಡಿ, ಬ್ಯಾಟರಿ ಇಳಿಯುತ್ತೆ. 100 ವಾಟ್ ಅಂದರೆ ಸುಮಾರು 8 ಆಂಪಿಯರ್, ಲೆಕ್ಕ ಹಾಕಿ.

ಹಳದಿ ವೈರು ಫ್ಯೂಸಿನ ಮೂಲಕ ಬ್ಯಾಟರಿಗೆ, ಕೆಂಪು ಚಾವಿಯ ಸ್ವಿಚ್ಚಿಗೆ, ಕಪ್ಪು ಬಾಡಿಗೆ... ಅದೂ ಬಣ್ಣ ಕೆರೆದು ಬರೀ ತಗಡು ಕಾಣಿಸಿದ ಮೇಲೆ. ಸೆಟ್ಟಿನ ಬಾಯಿ 180 ಮಿಲಿಮೀಟರ್ ಅಗಲ, 50 ಎತ್ತರ. ಅಷ್ಟು ಜಾಗ ಹಳೇ ಡ್ಯಾಶಿನಲ್ಲಿಲ್ಲ. ಮಿಸ್ತ್ರಿ ಕಟರ್ ಕೈಗೆತ್ತಿಕೊಂಡ. ಆಗ ನೋಡಿ, ಅಲ್ಲಿವರೆಗೂ ಸುಮ್ಮನೆ ಕಟ್ಟೆ ಮೇಲೆ ಕೂತಿದ್ದ ಯಜಮಾನರು ಎದ್ದರು.

“ಏ ತಮ್ಮಾ, ಹೊಸಾದು ಎಷ್ಟರ ಹಾಕು. ಹಳೇದು ಕೊಯ್ಯಬ್ಯಾಡ.”

ಕಟರ್ ಕೆಳಗಿಳಿಯಿತು. ಬಡಿಗೇರರ ಹತ್ತಿರ ಸಣ್ಣ ಮರದ ಪೆಟ್ಟಿಗೆ ಮಾಡಿಸಿ ಡ್ಯಾಶಿನ ಕೆಳಗೆ ನೇತು ಹಾಕಿದರು. ಸ್ಪೀಕರು ಎರಡು, ಎಡಕ್ಕೊಂದು ಬಲಕ್ಕೊಂದು, ಫರ್ಸಿ ಧೂಳಿಗೆ ಅಂತ ಮೇಲೆ ತೆಳು ಬಟ್ಟೆ. ಬೇಡವೆನಿಸಿದ ದಿನ ನಾಲ್ಕು ಬೋಲ್ಟ್ ಬಿಚ್ಚಿದರೆ ಗಾಡಿ ಮೊದಲಿನಂತೆಯೇ!

ಅಂದ ಹಾಗೆ, ಗೆಳೆಯನಿಗೆ ಒಂದು ಬೇಸರ ಉಳಿದಿತ್ತು. “ಸಾವಿರಾರು ರೂಪಾಯಿ ಸುರುವೀನ್ರೀ. ಅಣ್ಣಾವ್ರ ಹಾಡು ಎರಡೂ ಕಡಿ ಒಂದೇ ಬರ್ತದ. ಸ್ಟೀರಿಯೋ ಎಲ್ಲಿ ಅದ?”

ಎಲ್ಲಿಂದ ಬರಬೇಕು ಮಾರಾಯರೇ? ಆ ಕಾಲದ ನಮ್ಮ ಚಿತ್ರಗಳ ಧ್ವನಿ ಮೊನೊ. ನಮ್ಮ ರಾಮನಗರದ ಬಂಡೆಗಳಲ್ಲಿ ತೆಗೆದ ‘ಶೋಲೆ’ 1975ರಲ್ಲಿ 70 ಎಂಎಂ ತೆರೆಯಲ್ಲಿ ಸ್ಟೀರಿಯೋ ಸದ್ದು ಮಾಡಿದ್ದು ದೊಡ್ಡ ಸುದ್ದಿಯಾಯಿತು. ಅದು ಅಪರೂಪದ ಮಾತು. ಮೊನೊ ಹಾಡನ್ನು ಹತ್ತು ಸ್ಪೀಕರಿಗೆ ಕೊಟ್ಟರೂ ಹತ್ತರಲ್ಲೂ ಒಂದೇ ದನಿ.

ಆದರೆ ಯಜಮಾನರಿಗೆ ಬೇಸರವೇ ಇಲ್ಲ. ಕ್ವಾರಿಯ ಸದ್ದಿನಲ್ಲಿ ಅವರ ಬಲಗಿವಿ ಹೋಗಿ ವರ್ಷಗಳಾದವು. ಮಗ ಓಡಿಸುತ್ತಾನೆ, ಅವರು ಎಡಗಡೆ ಕೂಡುತ್ತಾರೆ, ಒಳ್ಳೇ ಕಿವಿ ಎಡ ಸ್ಪೀಕರಿನ ಕಡೆಗೆ. ಮೊಮ್ಮಗನ ಹೊಸ ಹಾಡು ಹಚ್ಚಿದರೆ ಬಲಗಡೆಯ ವಾದ್ಯ ಅವರಿಗೆ ಸರಿಯಾಗಿ ಮುಟ್ಟೋದಿಲ್ಲ. ಅಣ್ಣಾವ್ರ ಹಾಡಿನಲ್ಲಿ ಆ ನಷ್ಟವೇ ಇಲ್ಲ. ಇಡೀ ಹಾಡು ಒಂದೇ ಕಿವಿಗೆ ಬರುತ್ತೆ!

ಇದನ್ನು ಬಿಡಿಸಿ ಹೇಳಿದೆ. ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ: “ಹಂಗಾರ ಅಪ್ಪಗ ಒಂದ್ ಅಕ್ಷರನೂ ತಪ್ಪಂಗಿಲ್ಲ ಅನ್ರಿ.”

ಚಿತ್ತಾಪುರ ಬಂತು. ಇಳಿದೆ. ಹಿಂದೆ ಹಾರ್ನ್ ಕೇಳುವಷ್ಟಕ್ಕೇ ವಾಲ್ಯೂಮ್ ಇಡಪ್ಪಾ ಅಂದೆ. ಕೇಳಿಸಿತೋ ಇಲ್ಲವೋ! ಹಾಡು ನಡೆದಿತ್ತು.

ಮುಂದಿನ ವಾರ ಮತ್ತೆ ಕಟ್ಟೆಯಲ್ಲಿ ಸಿಗೋಣ.