ಶೇಕಡಾ ಬೇರೆ, ಪರ್ಸೆಂಟೈಲ್ ಬೇರೆ ಕಣ್ರೀ!

ಪಿಯುಸಿ ರಿಸಲ್ಟ್ ಬಂತೆಂದರೆ ಬಸ್‌ಸ್ಟ್ಯಾಂಡ್ ಹೋಟೆಲುಗಳಲ್ಲಿ ಒಂದೇ ಮಾತು: ‘ನಮ್ಮ ಹುಡುಗ ಫಸ್ಟ್ ಕ್ಲಾಸು, ಡಾಕ್ಟರ್ ಓದಿಸ್ತೀವಿ.’ ಬಹಳ ಸಂತೋಷ. ಆದರೆ ಫಸ್ಟ್ ಕ್ಲಾಸಿಗೂ ಎಂಬಿಬಿಎಸ್ ಸೀಟಿಗೂ ಎಷ್ಟು ದೂರ ಎಂಬುದನ್ನು ಆ ಅಪ್ಪನಿಗೆ ಯಾರಾದರೂ ಹೇಳಿದ್ದಾರೆಯೇ?

ಲೆಕ್ಕ ನೋಡಿ. ಕನ್ನಡ 96, ಇಂಗ್ಲಿಷ್ 85, ಗಣಿತ 70, ಭೌತಶಾಸ್ತ್ರ 45, ರಸಾಯನಶಾಸ್ತ್ರ 48, ಜೀವಶಾಸ್ತ್ರ 55 ಅಂತಿಟ್ಟುಕೊಳ್ಳಿ. 600ಕ್ಕೆ 399, ಶೇ. 66.5. ಮನೆಯಲ್ಲಿ ಪಾಯಸ! ಆದರೆ ಮೆಡಿಕಲ್‌ನವರು ಕೂಡುವುದು ಕೊನೆಯ ಮೂರನ್ನು ಮಾತ್ರ. ಇಂಗ್ಲಿಷ್ ಪಾಸಾದರೆ ಸಾಕು. ಕನ್ನಡ, ಗಣಿತ ಲೆಕ್ಕಕ್ಕೇ ಇಲ್ಲ. 300ಕ್ಕೆ 148, ಶೇ. 49.3. ಸಾಮಾನ್ಯ ವರ್ಗಕ್ಕೆ ಬೇಕಾದದ್ದು ಶೇ. 50. ಎರಡೇ ಎರಡು ಅಂಕಕ್ಕೆ ಬಾಗಿಲು ಬಂದ್. ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಶೇ. 40 ಸಾಕು.

150 ದಾಟಿದರೆ ಗೆದ್ದಂತೆಯೇ? ಅದು ಬರೀ ಹೊಸ್ತಿಲು, ಸ್ವಾಮಿ. ಸೀಟು ಸಿಗುವುದು ನೀಟ್ ರ‍್ಯಾಂಕಿನ ಮೇಲೆ. ಪಿಯುಸಿಯಲ್ಲಿ 298 ತೆಗೆದವನೂ 151 ತೆಗೆದವನೂ ಅಲ್ಲಿ ಒಂದೇ.

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಸರಿಯುತ್ತರಕ್ಕೆ 4, ತಪ್ಪಿದರೆ ಕೈಯಿಂದ 1 ಕಳೆಯಬೇಕು. ಅಂದರೆ ಒಂದು ಪ್ರಶ್ನೆ ಬಿಟ್ಟವನಿಗೆ 716, ಒಂದು ತಪ್ಪು ಬರೆದವನಿಗೆ 715. ನಡುವೆ 718, 719 ಬರಲು ಸಾಧ್ಯವೇ ಇಲ್ಲ. 2024ರಲ್ಲಿ ಅಂಥ ಅಂಕಗಳು ಬಂದಾಗ ಲೆಕ್ಕ ಬಲ್ಲವರು ಹಿಡಿದರು. ಕಡೆಗೆ 1,563 ಮಂದಿಯ ಕೃಪಾಂಕ ರದ್ದಾಯಿತು. ಲೆಕ್ಕ ತಿಳಿದಿದ್ದರೆ ಇಷ್ಟು ಪ್ರಯೋಜನವುಂಟು.

ಇನ್ನು ಈ ಪರ್ಸೆಂಟೈಲ್. ಇದು ಶೇಕಡಾ ಅಲ್ಲವೇ ಅಲ್ಲ. ನಿಮ್ಮ ಹಿಂದೆ ನೂರಕ್ಕೆ ಎಷ್ಟು ಜನ ನಿಂತಿದ್ದಾರೆ ಎಂದು ಹೇಳುವ ಸಂಖ್ಯೆ, ಅಷ್ಟೆ. 2025ರಲ್ಲಿ ಸಾಮಾನ್ಯ ವರ್ಗ ಅರ್ಹತೆ ಪಡೆಯಲು 50 ಪರ್ಸೆಂಟೈಲ್ ಬೇಕಿತ್ತು. ಅದಕ್ಕೆ ಸಿಕ್ಕ ಅಂಕ 720ಕ್ಕೆ 144. ಶೇಕಡಾ ಬರೀ 20! ‘ಕ್ವಾಲಿಫೈ ಆಗಿದ್ದಾನೆ’ ಎಂದು ಕೇಳಿ ಸಿಹಿ ಹಂಚಿದರೆ ಹಲ್ವಾಯಿಗೆ ಲಾಭ, ಅಷ್ಟೆ.

95 ಪರ್ಸೆಂಟೈಲ್ ಕಿವಿಗೆ ಭಾರಿ ಇಂಪು. ಆದರೆ ಆ ವರ್ಷ ಬರೆದವರು ಸುಮಾರು 22 ಲಕ್ಷ. 95 ಎಂದರೂ ಮುಂದೆ ಒಂದು ಲಕ್ಷದ ಹತ್ತು ಸಾವಿರ ಜನ! ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. ಅದರಲ್ಲೂ ಖಾಸಗಿ ಕಾಲೇಜಿನ ಫೀಜಿಗೆ ಕಿರಾಣಿ ಅಂಗಡಿ ಮಾರಿದರೂ ಸಾಲದು.

ಅಂಗಡಿಯಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೆ ರಾತ್ರಿಯಿಡೀ ಚೋಪಡಿ ತಿರುವುವ ನಮ್ಮ ಜನ, ಕೋಚಿಂಗ್ ಬೋರ್ಡಿನ ಮೇಲಿನ ಪರ್ಸೆಂಟೈಲ್ ನೋಡಿ ಸಾಲ ಮಾಡಿ ಫೀಜು ಕಟ್ಟುತ್ತಾರೆ. ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ: ಅಂಕ ಎಷ್ಟು? ರ‍್ಯಾಂಕ್ ಎಷ್ಟು? ಸರ್ಕಾರಿ ಸೀಟು ಎಷ್ಟು ಮಂದಿಗೆ ಸಿಕ್ಕಿತು? ತಡವರಿಸಿದರೆ ಎದ್ದು ಬನ್ನಿ.

ಕಾಲೇಜುಗಳದೂ ಹೊಣೆಯಿದೆ. ಮೊದಲ ಪಿಯುಸಿಗೆ ಸೇರುವ ದಿನವೇ ಈ ಲೆಕ್ಕವನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ನೋಟಿಸ್ ಬೋರ್ಡಿಗೆ ಹಾಕಲಿ. ಅದಕ್ಕೇನು ಅನುದಾನ ಬೇಕಿಲ್ಲ; ಒಂದು ಹಾಳೆ, ನಾಲ್ಕು ಗುಂಡುಸೂಜಿ ಸಾಕು. ಎರಡು ವರ್ಷ ಕಳೆದ ಮೇಲೆ ಹುಡುಗನನ್ನು ಬೈದು ಏನು ಬಂತು?