ಒಂದು ವೋಟಿನ ಕೌನ್ಸಿಲರ್

ಕೌನ್ಸಿಲರ್ ಅಂದ್ರೆ ಯಾರು? ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿ ನೋಡಿ. ಕಂಟ್ರಾಕ್ಟರನ ಭಾವ, ಎಮ್ಮೆಲ್ಲೆ ಹಿಂದಿನ ಬಾಲ, ಫ್ಲೆಕ್ಸಿನಲ್ಲಿ ಕೈ ಮುಗಿದು ನಿಂತವನು. ಇಷ್ಟೇ ಉತ್ತರ. ಜನ ಹಾಗೆ ಅನ್ನೋದಕ್ಕೆ ಕಾರಣ ಇಲ್ಲದೆ ಇಲ್ಲ. ಆದರೆ ಇದೇ ಕುರ್ಚಿಯಿಂದ ಶುರು ಮಾಡಿ ದೇಶದ ಉಪಪ್ರಧಾನಿಯಾದವರೊಬ್ಬರಿದ್ದಾರೆ. ಅವರು ಸರ್ದಾರ್ ವಲ್ಲಭಭಾಯಿ ಪಟೇಲ್.

1875ರಲ್ಲಿ ನಡಿಯಾದಿನಲ್ಲಿ ಹುಟ್ಟಿದ ಪಟೇಲರು ಇಂಗ್ಲೆಂಡಿನಲ್ಲಿ ಓದಿ, ಬ್ಯಾರಿಸ್ಟರಾಗಿ 1913ರಲ್ಲಿ ಅಹಮದಾಬಾದಿಗೆ ಬಂದರು. ಹಗಲು ಕೋರ್ಟು, ಸಂಜೆ ಗುಜರಾತ್ ಕ್ಲಬ್ಬಿನಲ್ಲಿ ಇಸ್ಪೀಟು. ಗಾಂಧೀಜಿ ಮಾತನ್ನೂ ಮೊದಮೊದಲು ಗೇಲಿ ಮಾಡಿದವರೇ. 1917ರಲ್ಲಿ ದರಿಯಾಪುರ ವಾರ್ಡಿನಿಂದ ಮುನಿಸಿಪಾಲಿಟಿ ಚುನಾವಣೆಗೆ ನಿಂತರು. ಗೆದ್ದದ್ದು ಒಂದೇ ಒಂದು ವೋಟಿನಿಂದ! 'ನಂದೊಂದು ವೋಟಿನಿಂದ ಏನಾಗುತ್ತೆ' ಅಂತ ಅಂಗಡಿ ಬಾಗಿಲು ತೆಗೆಯಲು ಹೋಗುವ ಮಹನೀಯರು ಇದನ್ನು ಗಮನಿಸಬೇಕು.

ಗೆದ್ದವರು ವಹಿಸಿಕೊಂಡದ್ದು ಯಾವ ಖಾತೆ? ನೈರ್ಮಲ್ಯ ಸಮಿತಿ. ಅಂದರೆ ಕಸ, ಚರಂಡಿ, ಕಕ್ಕಸು. ಅದೇ ವರ್ಷ ಊರಿಗೆ ಪ್ಲೇಗು ಬಡಿಯಿತು. ಶಾಲೆ, ಕೋರ್ಟು ಮುಚ್ಚಿದವು. ಉಳ್ಳವರು ಗಂಟುಮೂಟೆ ಕಟ್ಟಿದರು. ಈ ಬ್ಯಾರಿಸ್ಟರ್ ಮಾತ್ರ ಊರು ಬಿಡಲಿಲ್ಲ, ಗಲ್ಲಿಗಲ್ಲಿ ತಿರುಗಿ ಚರಂಡಿ ನೋಡಿದರು. ಕೌನ್ಸಿಲರ್ ಕೆಲಸ ಅಂದ್ರೆ ಇದು ಸ್ವಾಮಿ!

ಸರ್ಕಾರಕ್ಕೂ ಅವರು ಸಲಾಮು ಹೊಡೆಯಲಿಲ್ಲ. ಮುನಿಸಿಪಲ್ ಶಾಲೆಗಳ ಮೇಲೆ ಬ್ರಿಟಿಷರ ಹತೋಟಿ ಬೇಡ, ಅವರ ಗ್ರಾಂಟೂ ಬೇಡ ಎಂದು ಮುನಿಸಿಪಾಲಿಟಿ ಪಟ್ಟು ಹಿಡಿಯಿತು. ಸಿಟ್ಟಿಗೆದ್ದ ಸರ್ಕಾರ 1922ರಲ್ಲಿ ಮುನಿಸಿಪಾಲಿಟಿಯನ್ನೇ ಸೂಪರ್‌ಸೀಡ್ ಮಾಡಿತು. ಎರಡು ವರ್ಷದ ನಂತರ ಚುನಾವಣೆ ನಡೆದಾಗ ಪಟೇಲರು ಅಧ್ಯಕ್ಷರಾಗಿಯೇ ವಾಪಸ್ ಬಂದರು. 1928ರವರೆಗೆ ಆ ಕುರ್ಚಿಯಲ್ಲಿದ್ದರು. 1927ರ ಮಹಾಮಳೆಯಲ್ಲಿ ಗುಜರಾತ್ ಮುಳುಗಿದಾಗ ಪರಿಹಾರದ ಕೆಲಸಕ್ಕೆ ಹೆಗಲು ಕೊಟ್ಟರು. 1928ರ ಬಾರ್ಡೋಲಿ ಸತ್ಯಾಗ್ರಹದಲ್ಲಿ 'ಸರ್ದಾರ್' ಆದದ್ದು ಆಮೇಲಿನ ಮಾತು. ಮುಂದೆ ಸಂಸ್ಥಾನಗಳನ್ನು ಒಂದು ಮಾಡಿದ ಕೈ ಮೊದಲು ಪಳಗಿದ್ದು ಚರಂಡಿ, ನೀರು, ಶಾಲೆಯ ಲೆಕ್ಕದಲ್ಲಿ.

ಇದನ್ನೆಲ್ಲ ಈಗ ಹೇಳಲು ಕಾರಣ ಇದೆ. ಪರಕೀಯ ಸರ್ಕಾರ ಕೂಡ ಎರಡು ವರ್ಷಕ್ಕೆ ಚುನಾವಣೆ ಮಾಡಿಸಿತು. ನಮ್ಮದೇ ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಯಬೇಕು ಎನ್ನುತ್ತದೆ ಅದು. ಆದದ್ದೇನು? ಬೆಂಗಳೂರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. 2025ರಲ್ಲಿ ಆ ಪಾಲಿಕೆ ಒಡೆದು ಐದಾಗುವವರೆಗೂ ಚುನಾವಣೆ ನಡೆಯಲೇ ಇಲ್ಲ. ರಾಜಧಾನಿಯ ಗತಿಯೇ ಹೀಗಾದರೆ ಜಿಲ್ಲಾ ಕೇಂದ್ರಗಳನ್ನು ಕೇಳೋರು ಯಾರು?

ಕೌನ್ಸಿಲರ್ ಇಲ್ಲದಿದ್ದರೇ ವಾಸಿ, ಅಧಿಕಾರಿಗಳೇ ನೋಡಿಕೊಳ್ಳಲಿ ಎನ್ನುವವರೂ ಉಂಟು. ಅಧಿಕಾರಿಗೆ ಟ್ರಾನ್ಸ್‌ಫರ್ ಆರ್ಡರ್ ಬಂದರೆ ಮುಗಿಯಿತು, ಹೊರಟುಹೋಗ್ತಾರೆ. ಕೌನ್ಸಿಲರ್ ನಿಮ್ಮ ಬೀದಿಯಲ್ಲೇ ಇರಬೇಕು, ನಿಮ್ಮ ಅಂಗಡಿ ಮುಂದೆಯೇ ಓಡಾಡಬೇಕು. ನಲ್ಲಿಯಲ್ಲಿ ನೀರು ಬರದಿದ್ದರೆ ಅಡ್ಡಹಾಕಿ ಕೇಳಬಹುದು. ಕೆಟ್ಟವನಾದರೆ ಮುಂದಿನ ಸಲ ಮನೆಗೆ ಕಳಿಸಬಹುದು. ಆ ಹಕ್ಕನ್ನೇ ಬಿಟ್ಟುಕೊಟ್ಟರೆ ಕಂದಾಯ ಕಟ್ಟೋದಷ್ಟೇ ನಮ್ಮ ಪಾಲಿಗೆ.

ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯಲಿ. ವೋಟು ಕೇಳಲು ಬಂದವರಿಗೆ ಜಾತಿ, ಪಾರ್ಟಿ ಕೇಳುವ ಮೊದಲು ಒಂದೇ ಪ್ರಶ್ನೆ ಹಾಕಿ: ಈ ವಾರ್ಡಿನ ಚರಂಡಿಗೆ ಬಗ್ಗಿ ನೋಡಿದ್ದೀರಾ, ಯಾವಾಗ?