ಆಕರಕೋಶದ ಹೆಸರಿನಲ್ಲಿ ಸುಲಿಗೆ

ನಮ್ಮ ಮೂಳೆಯೊಳಗಿನ ಮಜ್ಜೆಯೂ ಒಂದು ಗಿರಣಿಯೇ. ಅಲ್ಲಿ ಸ್ಟೆಮ್ ಸೆಲ್ ಎಂಬ ಆಕರಕೋಶಗಳು ರಜೆಯಿಲ್ಲದೆ ಹೊಸ ರಕ್ತಕಣಗಳನ್ನು ತಯಾರಿಸುತ್ತವೆ. ಈ ಗಿರಣಿ ಕೆಟ್ಟವರಿಗೆ, ಹೊಂದುವ ದಾನಿಯ ಆಕರಕೋಶಗಳನ್ನು ಕೊಟ್ಟು ರಕ್ತದ ಕ್ಯಾನ್ಸರ್, ಥಲಸೇಮಿಯಾಗಳನ್ನು ವಾಸಿಮಾಡಲು ಸಾಧ್ಯವಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ 1983ರಲ್ಲಿಯೇ ಮಜ್ಜೆಯ ಕಸಿ ನಡೆಯಿತು.

ಇದು ವಿಜ್ಞಾನ. ಆದರೆ ಇದೇ ಹೆಸರು ಹೇಳಿ ಪಾರ್ಶ್ವವಾಯು, ಆಟಿಸಂಗಳಿಗೂ ಮದ್ದುಂಟೆಂದು ಲಕ್ಷಗಟ್ಟಲೆ ಕೀಳುವವರಿದ್ದಾರೆ. ಅಲ್ಲಿ ಇದಿನ್ನೂ ಪ್ರಯೋಗ. ಅನುಮತಿ ಪಡೆದ ಪ್ರಯೋಗದ ಹೊರಗೆ ಕೊಡಕೂಡದೆಂದು 2017ರ ರಾಷ್ಟ್ರೀಯ ಮಾರ್ಗಸೂಚಿಯೇ ವಿಧಿಸಿದೆ.

ಕಾರ್ಮಿಕನಾಗಲಿ, ಚಿಲ್ಲರೆ ವ್ಯಾಪಾರಿಯಾಗಲಿ ಮನೆ ಅಡವಿಟ್ಟು ಸುಳ್ಳು ಆಸೆಯನ್ನು ಕೊಳ್ಳಬೇಕೆ? ರುಜುವಾತಾದ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಬಡವನಿಗೂ ದೊರೆಯಲಿ. ಆಸೆ ಮಾರುವ ಅಂಗಡಿಗಳಿಗೆ ಬೀಗ ಬೀಳಲಿ. ಇದು ಭಿಕ್ಷೆಯಲ್ಲ, ದುಡಿಯುವ ಜನರ ಹಕ್ಕು.